ಎರವಲು ನಾದ, ಕಟ್ಟಿದ ನಾದ

ಕಛೇರಿಯ ವೇದಿಕೆಯಲ್ಲಿ ಗಾಯಕರ ಹಿಂದೆ ತಂಬೂರಿ ಹಿಡಿದು ಕೂರುವ ಶಿಷ್ಯರು ಈಗ ಎಲ್ಲ ಕಡೆಯೂ ಕಾಣಸಿಗುವುದಿಲ್ಲ. ಆ ಜಾಗದಲ್ಲಿ ಅನೇಕ ವೇಳೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಗಾಯಕರ ಶ್ರುತಿಗೆ ತಿರುಪು ಹೊಂದಿಸಿ ಗುಂಡಿ ಒತ್ತಿದರೆ ಮಂಗಳದವರೆಗೂ ಅದು ದಣಿವಿಲ್ಲದೆ ಮೀಟುತ್ತಿರುತ್ತದೆ. 1970ರ ದಶಕದ ಕೊನೆಯಲ್ಲಿ ಇಂಥ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದವರು ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಸಂಗೀತಗಾರರ ಚೀಲದಲ್ಲಿ ದೇಶ ವಿದೇಶ ಸುತ್ತಿವೆ.

ಇಂಥ ಪೆಟ್ಟಿಗೆಯನ್ನು ಮಾತಾಡಿಸಲು ಎಂಜಿನಿಯರಿಗೆ ಎರಡು ದಾರಿಗಳಿವೆ. ತಂಬೂರಿಯ ತಂತಿ ಹೇಗೆ ಕಂಪಿಸುತ್ತದೆ, ಕುದುರೆಯ ಮೇಲಿನ ಜೀವಾಳದ ನೂಲು ಆ ಕಂಪನಕ್ಕೆ ಏನು ಮಾಡುತ್ತದೆ ಎಂಬುದನ್ನು ಅರಿತು, ಅಂಥದೇ ಅಲೆಯನ್ನು ವಿದ್ಯುತ್ತಿನಿಂದ ಹೊಸದಾಗಿ ಹುಟ್ಟಿಸುವುದು ಒಂದು ದಾರಿ. ಒಳ್ಳೆಯ ತಂಬೂರಿಯೊಂದನ್ನು ತಂದು, ನುರಿತವರಿಂದ ಮೀಟಿಸಿ, ಆ ಮೀಟನ್ನೇ ಮುದ್ರಿಸಿಕೊಂಡು ಚಿಪ್ಪಿನಲ್ಲಿ ತುಂಬಿ ಮತ್ತೆ ಮತ್ತೆ ನುಡಿಸುವುದು ಇನ್ನೊಂದು ದಾರಿ. ಮೊದಲನೆಯದು ಸಿಂಥಸೈಜರ್‌ನ ಮಾರ್ಗ, ಎರಡನೆಯದು ಸ್ಯಾಂಪಲ್ ಮಾರ್ಗ. ಕಳೆದ ಮುಕ್ಕಾಲು ಶತಮಾನದ ಎಲೆಕ್ಟ್ರಾನಿಕ್ ಸಂಗೀತವೆಲ್ಲ ಈ ಎರಡು ದಾರಿಗಳಲ್ಲಿ ಒಂದರ ಮೇಲೆ, ಇಲ್ಲವೇ ಎರಡರ ಮೇಲೂ ನಡೆದು ಬಂದಿದೆ.

ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಹಳೆಯದು. ಸಾಮಾನ್ಯವಾಗಿ ಅದು ‘ಅಸಲಿ’ ಮತ್ತು ‘ನಕಲಿ’ ಎಂಬ ಎರಡು ಮಾತುಗಳ ಸುತ್ತ ಸುತ್ತುತ್ತದೆ. ಆದರೆ ಚರಿತ್ರೆಯನ್ನು ನೋಡಿದರೆ ನಿಜವಾದ ವ್ಯತ್ಯಾಸ ಬೇರೆಯೇ ಇದೆ. ಕಟ್ಟಿದ ನಾದದ ಹಿಂದೆ ಒಂದು ನಿಯಮವಿರುತ್ತದೆ. ಎರವಲು ತಂದ ನಾದದ ಹಿಂದೆ ಒಬ್ಬ ಮನುಷ್ಯನಿರುತ್ತಾನೆ.

<b>ಅಲೆ ಮತ್ತು ಅಂಕಿ</b>

ನಾದವೆಂದರೆ ಗಾಳಿಯ ಒತ್ತಡದ ಏರಿಳಿತ. ಸಿಂಥಸೈಜರ್‌ನಲ್ಲಿರುವ ಆಂದೋಲಕವೆಂಬ ವಿದ್ಯುನ್ಮಂಡಲ ಅಂಥದೇ ಏರಿಳಿತವನ್ನು ವಿದ್ಯುತ್ತಿನಲ್ಲಿ ಉಂಟುಮಾಡುತ್ತದೆ. ಏರಿಳಿತ ಸೆಕೆಂಡಿಗೆ 440 ಬಾರಿ ನಡೆದರೆ ಪಾಶ್ಚಾತ್ಯರು ‘ಎ’ ಎಂದು ಕರೆಯುವ ಸ್ವರ. ಅಲೆ ನುಣುಪಾಗಿದ್ದರೆ ಸೀಟಿಯಂಥ ಸಪ್ಪೆ ಧ್ವನಿ. ಗರಗಸದ ಹಲ್ಲಿನಂತೆ ಚೂಪಾಗಿದ್ದರೆ ಉಪಸ್ವರಗಳು ತುಂಬಿದ ಒರಟು ಧ್ವನಿ. ಈ ಒರಟು ಧ್ವನಿಯನ್ನು ಜರಡಿಯಂಥ ಶೋಧಕದ ಮೂಲಕ ಹಾಯಿಸಿ ಬೇಡವಾದ ಉಪಸ್ವರಗಳನ್ನು ಕಳೆಯಬಹುದು. ನಾದ ತಟ್ಟನೆ ಹುಟ್ಟಬೇಕೇ, ಮೆಲ್ಲಗೆ ಏಳಬೇಕೇ, ಎಷ್ಟು ಹೊತ್ತು ನಿಂತು ಹೇಗೆ ಅಡಗಬೇಕು ಎಂಬುದನ್ನು ಇನ್ನೊಂದು ಮಂಡಲ ನಿರ್ಧರಿಸುತ್ತದೆ. ಪ್ರತಿಯೊಂದೂ ತಿರುಪಿನ ಅಧೀನ. ಸ್ವರ ಮೊಳಗುತ್ತಿರುವಾಗಲೇ ಅದರ ಸ್ವಭಾವವನ್ನು ಬದಲಿಸಬಹುದು.

ಸ್ಯಾಂಪಲ್ ಹಾಗಲ್ಲ. ಅಲ್ಲಿ ಯಾರೋ ಒಮ್ಮೆ ನುಡಿಸಿದ ನಾದವನ್ನು ಅಂಕಿಗಳಾಗಿ ಬರೆದಿಡಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದಿಡುತ್ತಾರೆ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಕೇಳುವುದೆಲ್ಲ ಉಳಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಹೀಗೆ ಹಿಡಿದ ತುಣುಕಿನಲ್ಲಿ ವಾದ್ಯದ ಮರ, ವಾದಕನ ಬೆರಳು, ಕೋಣೆಯ ಗೋಡೆಗಳ ಅನುರಣನ ಎಲ್ಲವೂ ಇರುತ್ತವೆ.

ಆದರೆ ಹಿಡಿದದ್ದು ಹಿಡಿದಂತೆಯೇ ಇರುತ್ತದೆ. ತುಣುಕನ್ನು ವೇಗವಾಗಿ ಓಡಿಸಿದರೆ ಸ್ವರ ಏರುತ್ತದೆ, ಜೊತೆಗೆ ಕಿರಿದಾಗುತ್ತದೆ, ಬಣ್ಣವೂ ಕೆಡುತ್ತದೆ. ಅದಕ್ಕೇ ಪಿಯಾನೋದ ಒಳ್ಳೆಯ ಸ್ಯಾಂಪಲ್ ಬೇಕೆಂದರೆ ಒಂದೊಂದು ಮನೆಯನ್ನೂ ಮೆಲ್ಲಗೆ, ಬಿರುಸಾಗಿ, ನಡುವಣ ಬಲದಲ್ಲಿ ಬೇರೆ ಬೇರೆಯಾಗಿ ಮುದ್ರಿಸಬೇಕಾಗುತ್ತದೆ. ಪಿಟೀಲಿನ ಒಂದು ಸ್ವರವನ್ನು ಹಿಡಿದಿಡುವುದು ಸುಲಭ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ಹಾಗೆ ಬಿಡಿಬಿಡಿಯಾಗಿ ಹಿಡಿಯಲಾಗದು. ತಂಬೂರಿಗೆ ಸ್ಯಾಂಪಲ್ ಚೆನ್ನಾಗಿ ಒಗ್ಗುವುದಕ್ಕೂ ರಾಗಾಲಾಪನೆಗೆ ಒಗ್ಗದಿರುವುದಕ್ಕೂ ಇದೇ ಕಾರಣ: ತಂಬೂರಿಯ ಸ್ವರ ನಿಂತಲ್ಲೇ ನಿಲ್ಲುತ್ತದೆ, ರಾಗದ ಸ್ವರ ನಡೆಯುತ್ತದೆ.

<b>ಪ್ಯಾರಿಸ್ಸಿನ ರೈಲು, ಕಲೋನಿನ ಅಲೆ</b>

ಈ ಎರಡು ದಾರಿಗಳು ಕವಲೊಡೆದದ್ದು ಎರಡನೆಯ ಮಹಾಯುದ್ಧದ ನಂತರದ ಯೂರೋಪಿನಲ್ಲಿ, ಅದೂ ರೇಡಿಯೊ ಕೇಂದ್ರಗಳಲ್ಲಿ. 1948ರಲ್ಲಿ ಫ್ರೆಂಚ್ ರೇಡಿಯೊದ ಎಂಜಿನಿಯರ್ ಪಿಯರ್ ಶೆಫರ್ ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣದಲ್ಲಿ ರೈಲುಗಳ ಸದ್ದನ್ನು ಮುದ್ರಿಸಿಕೊಂಡ. ಸಿಳ್ಳು, ಹಬೆಯ ಉಸಿರು, ಹಳಿಯ ಮೇಲಿನ ಗಾಲಿಗಳ ಲಯ ಎಲ್ಲವನ್ನೂ ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿ, ಕತ್ತರಿಸಿ, ಮರುಕಳಿಸಿ, ಜೋಡಿಸಿ ಒಂದು ಕಿರು ಕೃತಿಯನ್ನು ಕಟ್ಟಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ರೇಡಿಯೊದಲ್ಲಿ ಪ್ರಸಾರವಾಯಿತು. ಲೋಕದಲ್ಲಿ ಈಗಾಗಲೇ ಇರುವ ಸದ್ದನ್ನೇ ಸಂಗೀತದ ಮೂಲದ್ರವ್ಯವಾಗಿಸುವ ಸ್ಯಾಂಪಲ್ ಕಲೆಗೆ ಇದೇ ಪೂರ್ವಜ.

ಶೆಫರ್ ಇನ್ನೂ ಒಂದು ಸಂಗತಿಯನ್ನು ಕಂಡುಕೊಂಡ. ಗಂಟೆಯ ನಾದವನ್ನು ಮುದ್ರಿಸಿ, ಸುತ್ತಿಗೆ ಬಡಿದ ಮೊದಲ ಕ್ಷಣವನ್ನು ಮಾತ್ರ ಕತ್ತರಿಸಿ ತೆಗೆದರೆ, ಉಳಿದದ್ದು ಗಂಟೆಯಂತೆ ಕೇಳುವುದೇ ಇಲ್ಲ. ಊದುವ ವಾದ್ಯದಂತೆ ಕೇಳುತ್ತದೆ. ಕಿವಿ ವಾದ್ಯವನ್ನು ಗುರುತಿಸುವಲ್ಲಿ ಅದರ ನಾದ ಹುಟ್ಟುವ ಗಳಿಗೆಗೆ ಬಹು ದೊಡ್ಡ ಪಾತ್ರವಿದೆ ಎಂಬ ಈ ತಿಳಿವಳಿಕೆ ನಾಲ್ಕು ದಶಕಗಳ ನಂತರ ಫಲ ಕೊಟ್ಟಿತು.

ಜರ್ಮನಿಯ ಕಲೋನ್ ನಗರದ ರೇಡಿಯೊದಲ್ಲಿ ಹರ್ಬರ್ಟ್ ಐಮರ್ಟ್ ಮೊದಲಾದವರು 1951ರಿಂದ ಕಟ್ಟತೊಡಗಿದ ಸ್ಟುಡಿಯೊದ ಹಾದಿ ಇದಕ್ಕೆ ವಿರುದ್ಧ. ಅಲ್ಲಿನವರಿಗೆ ಲೋಕದ ಸದ್ದು ಬೇಕಿರಲಿಲ್ಲ. ಪರೀಕ್ಷಾ ಯಂತ್ರಗಳಿಂದ ಶುದ್ಧ ಅಲೆಗಳನ್ನು ಹೊರಡಿಸಿ, ಒಂದರ ಮೇಲೊಂದು ಪೇರಿಸಿ, ಹಿಂದೆ ಯಾರೂ ಕೇಳದ ನಾದವನ್ನು ಸೊನ್ನೆಯಿಂದ ಕಟ್ಟಬೇಕೆಂಬುದು ಅವರ ಹಟ. ತರುಣ ಸಂಯೋಜಕ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ 1953 ಮತ್ತು 1954ರಲ್ಲಿ ಇಂಥ ಎರಡು ಅಧ್ಯಯನ ಕೃತಿಗಳನ್ನು ರಚಿಸಿದ.

ಕುತೂಹಲದ ಸಂಗತಿಯೆಂದರೆ ಈ ಹಟ ಹೆಚ್ಚು ಕಾಲ ನಿಲ್ಲಲಿಲ್ಲ. 1956ರಲ್ಲಿ ಇದೇ ಸ್ಟಾಕ್‌ಹೌಸನ್ ತನ್ನ ಹೊಸ ಕೃತಿಯಲ್ಲಿ ಒಬ್ಬ ಬಾಲಕನ ಹಾಡುದನಿಯ ಮುದ್ರಿಕೆಯನ್ನು ವಿದ್ಯುತ್ ನಾದಗಳ ಜೊತೆ ಹೆಣೆದ. ಕಟ್ಟಿದ ನಾದದ ನಡುವೆ ಒಂದು ಮನುಷ್ಯಕಂಠ ಬಂದೊಡನೆ ಕೃತಿಗೆ ಜೀವ ಬಂದಿತು. ಕಲೋನಿನ ಸ್ಟುಡಿಯೊದಿಂದ ಬಂದ ಕೃತಿಗಳಲ್ಲಿ ಇಂದಿಗೂ ಜನ ಹೆಚ್ಚು ನೆನೆಯುವುದು ಅದನ್ನೇ.

<b>ಮನೆಗೆ ಬಂದ ಯಂತ್ರಗಳು</b>

ರೇಡಿಯೊ ಕೇಂದ್ರಗಳ ಕೋಣೆ ತುಂಬುವ ಯಂತ್ರಗಳು ಸಂಗೀತಗಾರರ ಕೈಗೆ ಬಂದದ್ದು 1960ರ ದಶಕದಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1963ರಿಂದ ತಯಾರಾದ ಮೆಲೊಟ್ರಾನ್ ಸ್ಯಾಂಪಲ್ ದಾರಿಯದು. ಅದರ ಪ್ರತಿ ಮನೆಯ ಕೆಳಗೆ ಒಂದೊಂದು ಟೇಪಿನ ಪಟ್ಟಿ. ಮನೆ ಒತ್ತಿದರೆ ಆ ಪಟ್ಟಿಯಲ್ಲಿ ಮುದ್ರಿತವಾದ ಕೊಳಲೋ ಪಿಟೀಲೋ ಸುಮಾರು 8 ಸೆಕೆಂಡು ನುಡಿದು ನಿಲ್ಲುತ್ತಿತ್ತು. 1967ರಲ್ಲಿ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದಲ್ಲಿ ಕೇಳಿದ ಕೊಳಲು ಇಂಥ ಟೇಪಿನದು. ಅತ್ತ ಅಮೆರಿಕದಲ್ಲಿ 1964ರಲ್ಲಿ ರಾಬರ್ಟ್ ಮೂಗ್ ರೂಪಿಸಿದ ಸಿಂಥಸೈಜರ್ ಕಟ್ಟುವ ದಾರಿಯದು. 1968ರಲ್ಲಿ ವೆಂಡಿ ಕಾರ್ಲೋಸ್ ಬಾಖ್‌ನ ಕೃತಿಗಳನ್ನು ಅದರಲ್ಲಿ ನುಡಿಸಿ ಹೊರತಂದ ಧ್ವನಿಮುದ್ರಿಕೆ ಆ ವಾದ್ಯವನ್ನು ಮನೆಮಾತಾಗಿಸಿತು.

ವಾದ್ಯಗಾರರಿಗೆ ಹೊಟ್ಟೆಪಾಡಿನ ಭಯ ಹುಟ್ಟಿದ್ದು ಸಹಜ. 1982ರಲ್ಲಿ ಬ್ರಿಟನ್ನಿನ ವಾದ್ಯಗಾರರ ಸಂಘದ ಮಧ್ಯ ಲಂಡನ್ ಶಾಖೆ ಸಿಂಥಸೈಜರುಗಳನ್ನೂ ಡ್ರಮ್ ಯಂತ್ರಗಳನ್ನೂ ನಿಷೇಧಿಸಬೇಕೆಂದು ಗೊತ್ತುವಳಿ ಮಾಡಿತು. ನಿಷೇಧ ಜಾರಿಯಾಗಲಿಲ್ಲ.

ಆ ಹೊತ್ತಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಗೆಳೆಯರು ಫೇರ್‌ಲೈಟ್ ಎಂಬ ಗಣಕ ವಾದ್ಯವನ್ನು ತಂದಿದ್ದರು. ಅವರು ಹೊರಟದ್ದು ನೈಜ ವಾದ್ಯಗಳ ನಾದವನ್ನು ಲೆಕ್ಕಾಚಾರದಿಂದ ಕಟ್ಟಲು. ಅಂದಿನ ಗಣಕಕ್ಕೆ ಅದು ಭಾರವಾಯಿತು. ರೇಡಿಯೊದಲ್ಲಿ ಬಂದ ಪಿಯಾನೋ ವಾದನದ ಒಂದು ಚೂರನ್ನು ಮುದ್ರಿಸಿ ಬೇರೆ ಬೇರೆ ಸ್ವರಗಳಲ್ಲಿ ನುಡಿಸಿ ನೋಡಿದಾಗ, ಕಟ್ಟಿದ ಯಾವ ನಾದಕ್ಕಿಂತಲೂ ಅದೇ ನೈಜವಾಗಿ ಕೇಳಿತು. ಇದು ಅಡ್ಡದಾರಿ ಎಂಬ ಅಳುಕು ಅವರಿಗೇ ಇತ್ತು. ಆದರೂ 1979ರಲ್ಲಿ ಮಾರಾಟಕ್ಕೆ ಬಂದ ಫೇರ್‌ಲೈಟ್ ಹೆಸರು ಮಾಡಿದ್ದು ಆ ಅಡ್ಡದಾರಿಯಿಂದಲೇ.

<b>ಸೋತ ಯಂತ್ರದ ಗೆಲುವು</b>

ಎರಡು ದಾರಿಗಳೂ ಮುಖಾಮುಖಿಯಾದ ವರ್ಷ 1980. ಅಮೆರಿಕದ ರೋಜರ್ ಲಿನ್ ತಂದ ‘ಎಲ್‌ಎಂ-1’ ಡ್ರಮ್ ಯಂತ್ರದಲ್ಲಿ ನಿಜವಾದ ಡ್ರಮ್ಮುಗಳ ಸ್ಯಾಂಪಲ್‌ಗಳಿದ್ದವು. ಬೆಲೆ ಸುಮಾರು 5,000 ಡಾಲರ್. ನೆನಪಿನ ಚಿಪ್ಪುಗಳು ಆಗ ಎಷ್ಟು ದುಬಾರಿಯೆಂದರೆ, ಬಹು ಹೊತ್ತು ಮೊಳಗುವ ದೊಡ್ಡ ತಾಳದ ಸದ್ದನ್ನು ಅದರಲ್ಲಿ ಸೇರಿಸಲು ಸಾಧ್ಯವಾಗಲಿಲ್ಲ. ಇಕುತಾರೊ ಕಕೆಹಾಶಿ ಸ್ಥಾಪಿಸಿದ ಜಪಾನಿನ ರೋಲೆಂಡ್ ಕಂಪೆನಿಯ ‘ಟಿಆರ್-808’ ಅದೇ ವರ್ಷ ಬಂದಿತು. ಬೆಲೆ 1,195 ಡಾಲರ್. ಅದರಲ್ಲಿ ಒಂದೂ ಸ್ಯಾಂಪಲ್ ಇರಲಿಲ್ಲ. ಎಲ್ಲ ಸದ್ದೂ ವಿದ್ಯುನ್ಮಂಡಲಗಳಿಂದ ಹುಟ್ಟಿದ್ದು. ಆರು ಆಂದೋಲಕಗಳ ಕರ್ಕಶ ಅಲೆಗಳನ್ನು ಬೆರೆಸಿ ಅದು ತಾಳದ ಸದ್ದನ್ನು ಅನುಕರಿಸುತ್ತಿತ್ತು.

ಅನುಕರಣೆಯ ಪರೀಕ್ಷೆಯಲ್ಲಿ 808 ಸೋತಿತು. ಅದರ ಚಪ್ಪಾಳೆ ಚಪ್ಪಾಳೆಯಂತಿರಲಿಲ್ಲ, ತಾಳ ತಾಳದಂತಿರಲಿಲ್ಲ. ಸುಮಾರು 12,000 ಯಂತ್ರಗಳನ್ನು ತಯಾರಿಸಿ 1983ರಲ್ಲಿ ಕಂಪೆನಿ ಅದನ್ನು ಕೈಬಿಟ್ಟಿತು. ಅದರ ವಿಶಿಷ್ಟ ಸಿಡುಕು ಧ್ವನಿಗೆ ಬೇಕಾಗಿದ್ದ ದೋಷಪೂರಿತ ಟ್ರಾನ್ಸಿಸ್ಟರುಗಳು ಸಿಗದಾದದ್ದೂ ಕಾರಣ ಎಂದು ಕಕೆಹಾಶಿ ಹೇಳಿದ್ದುಂಟು. ಕೈಬಿಟ್ಟ ಯಂತ್ರ ಹಳೆ ಸಾಮಾನಿನ ಅಂಗಡಿಗಳಿಗೆ ಅಗ್ಗದ ದರದಲ್ಲಿ ಬಂದಿತು. ಹೊಸ ಯಂತ್ರ ಕೊಳ್ಳಲಾರದ ತರುಣರು ಅದನ್ನು ಕೊಂಡರು. 1982ರಲ್ಲೇ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ನಲ್ಲಿ, ಮಾರ್ವಿನ್ ಗೇ ‘ಸೆಕ್ಷುಯಲ್ ಹೀಲಿಂಗ್’ನಲ್ಲಿ ಅದರ ಶಕ್ತಿಯನ್ನು ತೋರಿಸಿದ್ದರು. ಎದೆಯೊಳಗೆ ಗುಮ್ಮೆನ್ನುವ ಅದರ ದೀರ್ಘ ಮಂದ್ರ ಯಾವ ಚರ್ಮವಾದ್ಯದಲ್ಲೂ ಇರಲಿಲ್ಲ. ಡ್ರಮ್ಮಿನ ನಕಲಾಗಲು ಸೋತದ್ದರಿಂದಲೇ ಅದು ಸ್ವತಂತ್ರ ವಾದ್ಯವಾಯಿತು. ಇಂದು ಅದೇ ಸದ್ದಿನ ಸ್ಯಾಂಪಲ್‌ಗಳನ್ನು ಲೋಕವೆಲ್ಲ ಬಳಸುತ್ತಿದೆ.

ಇದೇ ಬಗೆಯ ಕಥೆ ಭಾರತದಲ್ಲೂ ಒಂದುಂಟು. ಹಿಂದಿ ಚಿತ್ರರಂಗದ ವಾದ್ಯಗಾರ ಚರಣ್‌ಜೀತ್ ಸಿಂಗ್ 1982ರಲ್ಲಿ 808 ಡ್ರಮ್ ಯಂತ್ರ, ರೋಲೆಂಡಿನದೇ ಟಿಬಿ-303 ಮತ್ತು ಜುಪಿಟರ್-8 ಸಿಂಥಸೈಜರುಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. 303 ಮೂಲತಃ ಬಾಸ್ ಗಿಟಾರಿನ ಬದಲಿಗೆಂದು ಮಾಡಿದ ಯಂತ್ರ, ಅದರಲ್ಲೂ ಸೋತದ್ದು. ಆದರೆ ಅದಕ್ಕೆ ಒಂದು ಸ್ವರದಿಂದ ಮುಂದಿನದಕ್ಕೆ ಜಾರುವುದು ಗೊತ್ತಿತ್ತು. ಆ ಜಾರುವಿಕೆ ಮೀಂಡಿನ ಛಾಯೆಯನ್ನು ಒದಗಿಸಿತು. ಆಗ ಯಾರೂ ಅದನ್ನು ಹೆಚ್ಚಾಗಿ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಅಮೆರಿಕದ ಶಿಕಾಗೊದಲ್ಲಿ 1980ರ ದಶಕದ ಮಧ್ಯದಲ್ಲಿ ಹುಟ್ಟಿದ ‘ಆಸಿಡ್ ಹೌಸ್’ ಸಂಗೀತವನ್ನು ಇದು ಮುಂಚೆಯೇ ಹೋಲುತ್ತಿತ್ತಲ್ಲ ಎಂದು ಪಾಶ್ಚಾತ್ಯ ಕೇಳುಗರು ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಂಡರು.

<b>ಆರು ಸೆಕೆಂಡಿನ ಋಣ</b>

ಕಟ್ಟಿದ ನಾದಕ್ಕೆ ಒಡೆಯರಿಲ್ಲ. 808ರ ಗುಮ್ಮೆನ್ನುವ ಸದ್ದನ್ನು ಬಳಸಿದವರು ಯಾವ ವಾದ್ಯಗಾರನಿಗೂ ಋಣಿಗಳಲ್ಲ. ಎರವಲು ನಾದದ ವಿಷಯ ಹಾಗಲ್ಲ ಎಂಬುದನ್ನು ಗ್ರೆಗರಿ ಕೋಲ್‌ಮನ್ ಕಥೆ ತಿಳಿಸುತ್ತದೆ.

1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ಒಂದು ಗ್ರಾಮಫೋನ್ ತಟ್ಟೆ ಹೊರತಂದಿತು. ಅದರ ಮೊದಲ ಬದಿಯ ಹಾಡು ಜನಪ್ರಿಯವಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಹಿಂಬದಿಗೆ ಜಾಗ ತುಂಬಲು ನುಡಿಸಿದ್ದು ‘ಆಮೆನ್, ಬ್ರದರ್’. ಅದರ ನಡುವೆ ಉಳಿದ ವಾದ್ಯಗಳು ನಿಂತು, ಡ್ರಮ್ ವಾದಕ ಕೋಲ್‌ಮನ್ ನಾಲ್ಕು ಆವರ್ತ ಒಬ್ಬನೇ ನುಡಿಸುತ್ತಾನೆ. ಆರೇಳು ಸೆಕೆಂಡಿನ ವಾದನ, ಅಷ್ಟೆ. 1980ರ ದಶಕದಲ್ಲಿ ಅಗ್ಗದ ಸ್ಯಾಂಪಲ್ ಯಂತ್ರಗಳು ಬಂದಾಗ ಹಿಪ್‌ಹಾಪ್ ಸಂಗೀತಗಾರರು ಅದನ್ನು ಎತ್ತಿಕೊಂಡರು. 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ತರುಣರು ಅದನ್ನು ವೇಗ ಹೆಚ್ಚಿಸಿ, ಚೂರು ಚೂರು ಮಾಡಿ ಹೊಸದಾಗಿ ಪೋಣಿಸಿ, ಜಂಗಲ್ ಮತ್ತು ಡ್ರಮ್ ಆ್ಯಂಡ್ ಬಾಸ್ ಎಂಬ ಹೊಸ ಪ್ರಕಾರಗಳನ್ನೇ ಕಟ್ಟಿದರು. ನೆರೆಮನೆಯಿಂದ ತಂದ ಒಂದು ಚಮಚ ಹೆಪ್ಪಿನಿಂದ ಊರಿಗೆಲ್ಲ ಮೊಸರಾದಂತೆ, ಆ ಆರು ಸೆಕೆಂಡು ಸಾವಿರಾರು ಹಾಡುಗಳಿಗೆ ಲಯವಾಯಿತು.

ಹೆಪ್ಪು ಕೊಟ್ಟ ಮನೆಗೆ ಏನೂ ಬರಲಿಲ್ಲ. ಹಕ್ಕುಸ್ವಾಮ್ಯ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರ ಹೆಸರಿನಲ್ಲಿತ್ತು. ತಮ್ಮ ತಟ್ಟೆಯ ತುಣುಕು ಹೀಗೆ ಬಳಕೆಯಾಗುತ್ತಿದೆ ಎಂಬುದೇ 1996ರವರೆಗೆ ಅವರಿಗೆ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ದಾವೆ ಹೂಡುವ ಅವಧಿ ಮೀರಿತ್ತು. ಡ್ರಮ್ ನುಡಿಸಿದ ಕೋಲ್‌ಮನ್‌ಗೆ ಕಾಗದದ ಮೇಲೆ ಹಕ್ಕೇ ಇರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ, ಮನೆಮಠವಿಲ್ಲದ ಸ್ಥಿತಿಯಲ್ಲಿ ಆತ ತೀರಿಕೊಂಡ. 2015ರಲ್ಲಿ ಬ್ರಿಟನ್ನಿನ ಇಬ್ಬರು ಡಿಜೆಗಳು ಸಾರ್ವಜನಿಕರಿಂದ ಚಂದಾ ಎತ್ತಿ 24,000 ಪೌಂಡುಗಳನ್ನು ಸ್ಪೆನ್ಸರ್‌ಗೆ ಒಪ್ಪಿಸಿದರು. ಅದು ಕೃತಜ್ಞತೆಯ ಕಾಣಿಕೆ, ಯಾವ ನ್ಯಾಯಾಲಯದ ಆದೇಶವೂ ಅಲ್ಲ.

ನ್ಯಾಯಾಲಯಗಳು ಸುಮ್ಮನಿರಲಿಲ್ಲ ಎಂಬುದೂ ನಿಜ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ಬಿಜ್ ಮಾರ್ಕಿ ಎಂಬ ಗಾಯಕನ ವಿರುದ್ಧದ ತೀರ್ಪನ್ನು, ಕದಿಯಬೇಡವೆಂಬ ಬೈಬಲ್ಲಿನ ಆಜ್ಞೆಯಿಂದಲೇ ಆರಂಭಿಸಿದರು. 2005ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕೇ ಬೇಕು ಎಂದಿತು. 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಮಡೋನಾ ಅವರ ‘ವೋಗ್’ ಹಾಡಿನಲ್ಲಿರುವ ಸೆಕೆಂಡಿನ ಕಾಲುಭಾಗಕ್ಕೂ ಕಡಿಮೆಯ ತುತ್ತೂರಿಯ ತುಣುಕು ಲೆಕ್ಕಕ್ಕೆ ಬಾರದಷ್ಟು ಕ್ಷುಲ್ಲಕ ಎಂದಿತು. ಜರ್ಮನಿಯಲ್ಲಿ, ಸಿಂಥಸೈಜರ್ ಸಂಗೀತದ ಹಿರಿಯರಾದ ಕ್ರಾಫ್ಟ್‌ವರ್ಕ್ ತಂಡದ 1977ರ ಕೃತಿಯಿಂದ 1997ರಲ್ಲಿ ಎತ್ತಿಕೊಂಡ ಎರಡು ಸೆಕೆಂಡಿನ ಲಯದ ಮೇಲಿನ ವ್ಯಾಜ್ಯ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. 2019ರಲ್ಲಿ ಯೂರೋಪಿನ ನ್ಯಾಯಾಲಯ, ಕಿವಿಗೆ ಗುರುತು ಸಿಗದಷ್ಟು ಮಾರ್ಪಡಿಸಿದ್ದರೆ ಮಾತ್ರ ಒಪ್ಪಿಗೆ ಬೇಡ ಎಂಬ ತತ್ತ್ವವನ್ನು ಹೇಳಿತು.

ಈ ತೀರ್ಪುಗಳ ಪರಿಣಾಮ ಎರಡು ಬಗೆಯದು. ಪರವಾನಗಿಯ ಹಣ ತೆರಬಲ್ಲ ದೊಡ್ಡವರು ಸ್ಯಾಂಪಲ್ ಬಳಸುವುದನ್ನು ಮುಂದುವರಿಸಿದರು. ತೆರಲಾರದವರು ಅಂಥದೇ ಸದ್ದನ್ನು ತಾವೇ ಕಟ್ಟಿಕೊಳ್ಳಲು ಕಲಿತರು. ಆದರೆ ಹಣ ಹೋಗುವುದು ಹಕ್ಕುಪತ್ರ ಉಳ್ಳವರಿಗೆ. ಡ್ರಮ್ಮಿನ ಮೇಲೆ ಕೈಯಾಡಿಸಿದವನ ಹೆಸರು ಬಹುಪಾಲು ಆ ಪತ್ರದಲ್ಲಿರುವುದಿಲ್ಲ.

<b>ಎರಡೂ ಸೇರಿದಾಗ</b>

ಕಲೆಯ ದೃಷ್ಟಿಯಿಂದ ನೋಡಿದರೆ ಎರಡು ದಾರಿಗಳ ಜಗಳ ಎಂದೋ ಮುಗಿದಿದೆ. 1987ರಲ್ಲಿ ಬಂದ ರೋಲೆಂಡ್ ಡಿ-50 ವಾದ್ಯ ನಾದದ ಹುಟ್ಟಿಗೆ ಮಾತ್ರ ಕಿರು ಸ್ಯಾಂಪಲ್ ಇಟ್ಟು, ಉಳಿದ ಭಾಗವನ್ನು ಸಿಂಥಸೈಜರ್‌ನಿಂದ ಕಟ್ಟಿತು. ಮೊದಲ ಗಳಿಗೆ ನಿಜವಾದದ್ದಾದರೆ ಕಿವಿ ಉಳಿದದ್ದನ್ನೂ ನಂಬುತ್ತದೆ. ಶೆಫರ್‌ನ ಕತ್ತರಿಸಿದ ಗಂಟೆ ಹೇಳಿದ್ದು ಇದನ್ನೇ. ಇಂದಿನ ಸ್ಟುಡಿಯೊಗಳಲ್ಲಿ ಒಂದೇ ಡ್ರಮ್ ಏಟಿನಲ್ಲಿ ಮೇಲ್ಪದರ ಸ್ಯಾಂಪಲ್, ಅಡಿಯ ಮಂದ್ರ ಕಟ್ಟಿದ ಅಲೆ ಆಗಿರುವುದು ಮಾಮೂಲು. ಕೇಳುವವರಿಗೆ ಹೊಲಿಗೆ ಕಾಣುವುದಿಲ್ಲ.

ಹೀಗಾಗಿ ಯಾವುದು ಅಸಲಿ ಎಂಬ ಪ್ರಶ್ನೆಗೆ ಈಗ ಹೆಚ್ಚು ಅರ್ಥವಿಲ್ಲ. ನಾದವನ್ನು ಒಳಗಿನಿಂದ ಬದಲಿಸುತ್ತ ಹೋಗಬೇಕಾದವರು ಅದನ್ನು ಕಟ್ಟುತ್ತಾರೆ. ಒಂದು ಕೈಯ ತೂಕ, ಒಂದು ಕೋಣೆಯ ಗಾಳಿ, ಒಂದು ಕಾಲದ ನೆನಪು ಬೇಕಾದವರು ಅದನ್ನು ಎರವಲು ತರುತ್ತಾರೆ. ಯಂತ್ರದ ಮಟ್ಟಿಗೆ ಎರಡೂ ಬರಿಯ ಅಂಕಿಗಳು. ಯಾವುದರ ಹಿಂದೆ ಮನುಷ್ಯನಿದ್ದಾನೆ ಎಂಬುದು ಅದಕ್ಕೆ ತಿಳಿಯದು. ಆ ಲೆಕ್ಕವನ್ನು ಇಡಬೇಕಾದವರು ಬಳಸುವವರು, ಕೇಳುವವರು. ಹಾಡಿನ ಹೊದಿಕೆಯ ಮೇಲೆ ನುಡಿಸಿದವನ ಹೆಸರೊಂದನ್ನು ಅಚ್ಚು ಹಾಕಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ. ಕೋಲ್‌ಮನ್ ಬದುಕಿದ್ದಾಗ ಆ ಸಾವಿರಾರು ಹಾಡುಗಳಲ್ಲಿ ಅಷ್ಟನ್ನು ಮಾಡಿದವು ಬಲು ವಿರಳ.